ಸರೋವರದ ಮೇಲೆ ಒಪೆರಾ: ಬ್ರೆಗೆಂಟ್ಸ್ ಉತ್ಸವದ ಬಗ್ಗೆ ಓದುಗರ ಪ್ರಶ್ನೆಗಳು

ಆಸ್ಟ್ರಿಯಾ ದೇಶದ ಪಶ್ಚಿಮದ ಅಂಚಿನಲ್ಲಿ, ಕಾನ್‌ಸ್ಟನ್ಸ್ ಸರೋವರದ ದಡದಲ್ಲಿರುವ ಬ್ರೆಗೆಂಟ್ಸ್ ಎಂಬ ಸಣ್ಣ ಊರಿನ ಬೇಸಿಗೆ ಸಂಗೀತೋತ್ಸವವನ್ನು ಕುರಿತು ಕಳೆದ ಸಂಚಿಕೆಯಲ್ಲಿ ಒಂದು ಪುಟ್ಟ ಟಿಪ್ಪಣಿ ಬರೆದಿದ್ದೆ. ನೀರಿನ ಮೇಲೆ ಕಟ್ಟಿದ ವೇದಿಕೆಯಲ್ಲಿ ಒಪೆರಾ, ಅಂದರೆ ಮಾತಿನ ಬದಲು ಹಾಡಿನಲ್ಲೇ ಸಾಗುವ ನಾಟಕ, ನಡೆಯುತ್ತದೆ. ದಡದ ಮೆಟ್ಟಿಲುಗಳ ಮೇಲೆ ಸುಮಾರು 7,000 ಜನ ಕುಳಿತು ನೋಡುತ್ತಾರೆ ಎಂಬುದಕ್ಕಿಂತ ಹೆಚ್ಚಿಗೆ ಹೇಳಲು ಅಲ್ಲಿ ಜಾಗವಿರಲಿಲ್ಲ. ಆ ಟಿಪ್ಪಣಿಗೆ ಬಂದ ಪತ್ರಗಳಲ್ಲಿ ಕೇಳಿರುವ ಪ್ರಶ್ನೆಗಳು ಬಹಳ ಚೆನ್ನಾಗಿವೆ. ಆದ್ದರಿಂದ ಈ ಸಲದ ಅಂಕಣವನ್ನು ಪೂರ್ತಿಯಾಗಿ ಅವುಗಳಿಗೇ ಮೀಸಲಿಟ್ಟಿದ್ದೇನೆ.

ಪ್ರಶ್ನೆ (ಶಿವಮೊಗ್ಗ): ನಮ್ಮ ಒಂದು ತಾಲ್ಲೂಕು ಕೇಂದ್ರದಷ್ಟೂ ಜನರಿಲ್ಲದ ಊರಿನಲ್ಲಿ ಇಷ್ಟು ದೊಡ್ಡ ಉತ್ಸವ ಹುಟ್ಟಿದ್ದು ಹೇಗೆ? ನೆಲವಿರುವಾಗ ನೀರಿನ ಮೇಲೆ ಆಡಬೇಕೆಂದು ಅವರಿಗೆ ಏಕೆ ತೋಚಿತು?

ಉತ್ತರ: ಬ್ರೆಗೆಂಟ್ಸ್‌ನ ಜನಸಂಖ್ಯೆ ಇಂದಿಗೂ 30,000ವನ್ನು ದಾಟಿಲ್ಲ. ಫೋರಾರ್ಲ್‌ಬೆರ್ಗ್ ಎಂಬ ಪುಟ್ಟ ಪ್ರಾಂತ್ಯದ ರಾಜಧಾನಿ ಎಂಬ ಗೌರವವಿದ್ದರೂ, ವಿಯೆನ್ನಾ, ಸಾಲ್ಸ್‌ಬರ್ಗ್‌ಗಳಂತೆ ಅರಮನೆಯ ಆಶ್ರಯದಲ್ಲಿ ಬೆಳೆದ ಸಂಗೀತದ ಊರು ಅದಲ್ಲ. ಉತ್ಸವ ಆರಂಭವಾದದ್ದು 1946ರ ಬೇಸಿಗೆಯಲ್ಲಿ. ಎರಡನೆಯ ಮಹಾಯುದ್ಧ ಮುಗಿದು ಆಗ ಒಂದೇ ವರ್ಷವಾಗಿತ್ತು, ಆ ಪ್ರಾಂತ್ಯ ಫ್ರೆಂಚ್ ಸೇನೆಯ ಆಡಳಿತದಲ್ಲಿತ್ತು, ಊಟ ಬಟ್ಟೆಗಳಿಗೇ ಕೊರತೆಯಿದ್ದ ಕಾಲವದು. ಸಂಗೀತೋತ್ಸವ ಮಾಡಬೇಕೆಂದು ಊರಿನವರು ನಿಶ್ಚಯಿಸಿದಾಗ ಅವರ ಬಳಿ ರಂಗಮಂದಿರವೇ ಇರಲಿಲ್ಲ. ಇದ್ದದ್ದು ಸರೋವರ ಮತ್ತು ಜಲ್ಲಿ ಸಾಗಿಸುವ ದೋಣಿಗಳು. ಅಂಥ ಎರಡು ಚಪ್ಪಟೆ ದೋಣಿಗಳನ್ನು ದಡಕ್ಕೆ ಸಮೀಪ ತಂದು ಕಟ್ಟಿ ಒಂದರ ಮೇಲೆ ನಟರನ್ನೂ ಇನ್ನೊಂದರ ಮೇಲೆ ವಾದ್ಯಗಾರರನ್ನೂ ಕೂಡಿಸಿ, ಮೊಜಾರ್ಟ್ ತನ್ನ 12ನೆಯ ವಯಸ್ಸಿನಲ್ಲಿ ರಚಿಸಿದ ‘ಬಾಸ್ಟಿಯನ್ ಮತ್ತು ಬಾಸ್ಟಿಯೆನ್’ ಎಂಬ ಪುಟ್ಟ ಒಪೆರಾವನ್ನು ಆಡಿಸಿದರು. ದೇವರ ತೆಪ್ಪೋತ್ಸವದಲ್ಲಿ ತೆಪ್ಪದ ಮೇಲಿನ ನಾಗಸ್ವರವನ್ನು ಕಲ್ಯಾಣಿಯ ಮೆಟ್ಟಿಲಲ್ಲಿ ನಿಂತು ಕೇಳಿದವರಿಗೆ ಆ ಸಂಜೆ ಹೇಗಿದ್ದಿರಬಹುದೆಂದು ಊಹಿಸುವುದು ಕಷ್ಟವಲ್ಲ.

ನನ್ನ ಮಟ್ಟಿಗೆ ಈ ಕಥೆಯಲ್ಲಿ ಮುಖ್ಯವಾದದ್ದು ಆ ದೋಣಿಗಳಿಗಿಂತಲೂ ಆ ದೋಣಿಯ ಮೇಲೆ ಯಾರು ಕುಳಿತಿದ್ದರು ಎಂಬುದು. ಮೊದಲ ವರ್ಷದಲ್ಲಿಯೇ ವಿಯೆನ್ನಾ ಸಿಂಫನಿ ವಾದ್ಯವೃಂದ ದೇಶದ ಆ ತುದಿಯಿಂದ ಈ ತುದಿಗೆ ಬಂದಿತ್ತು, ಇಂದಿಗೂ ಉತ್ಸವದ ವಾದ್ಯವೃಂದ ಅದೇ. ರಂಗಮಂದಿರವಿಲ್ಲ ಎಂಬ ಕಾರಣಕ್ಕೆ ಸಂಗೀತದ ಗುಣಮಟ್ಟವನ್ನು ಅವರು ಇಳಿಸಲಿಲ್ಲ. ವೇದಿಕೆ ತಾತ್ಕಾಲಿಕವಾಗಿದ್ದರೂ ನುಡಿಸುವವರು ಮೊದಲ ದರ್ಜೆಯವರೇ ಆಗಿರಬೇಕೆಂದು ಹಟ ಹಿಡಿದರು. ಮುಂದೆ ದೋಣಿಗಳು ಹೋಗಿ ನೀರಿನಲ್ಲಿ ಕಂಬ ನೆಟ್ಟ ವೇದಿಕೆ ಬಂದಿತು, 1980ರಲ್ಲಿ ದಡದ ಮೇಲೆ ಉತ್ಸವ ಭವನವೂ ತೆರೆಯಿತು. ಆದರೆ ಭವನ ಬಂದಮೇಲೆ ಒಳಗೆ ಹೋಗಿಬಿಡೋಣ ಎಂದು ಯಾರೂ ಹೇಳಲಿಲ್ಲ. ಅಷ್ಟರಲ್ಲಿ ಸರೋವರವೇ ಆ ಊರಿನ ರಂಗಮಂದಿರವಾಗಿ ಹೋಗಿತ್ತು. ಈಗ ಜುಲೈ ನಡುವಿನಿಂದ ಆಗಸ್ಟ್ ಮೂರನೆಯ ವಾರದವರೆಗೆ ನಡೆಯುವ ಉತ್ಸವಕ್ಕೆ ಒಂದೊಂದು ಬೇಸಿಗೆಯಲ್ಲಿ ಎರಡು ಲಕ್ಷಕ್ಕೂ ಹೆಚ್ಚು ಪ್ರೇಕ್ಷಕರು ಬರುತ್ತಾರೆ. ಸರೋವರದ ಸುತ್ತ ಆಸ್ಟ್ರಿಯಾ, ಜರ್ಮನಿ, ಸ್ವಿಟ್ಜರ್ಲೆಂಡ್ ಮೂರೂ ದೇಶಗಳ ಊರುಗಳಿರುವುದರಿಂದ ಜನ ಮೂರು ಕಡೆಯಿಂದಲೂ ಬರುತ್ತಾರೆ. ಸರೋವರದ ಈ ದೊಡ್ಡ ಭಾಗದಲ್ಲಿ ಮೂರು ದೇಶಗಳೂ ಒಪ್ಪಿದ ಗಡಿರೇಖೆ ಇಂದಿಗೂ ಇಲ್ಲ ಎಂಬ ಸಂಗತಿ ಈ ಉತ್ಸವಕ್ಕೆ ಬಹಳ ಒಪ್ಪುತ್ತದೆ.

ಪ್ರಶ್ನೆ (ಧಾರವಾಡ): ನಾನು ಹಿಂದೂಸ್ತಾನಿ ಗಾಯನ ಕಲಿಯುತ್ತಿರುವ ವಿದ್ಯಾರ್ಥಿನಿ. ಒಪೆರಾ ಗಾಯಕರು ಮೈಕ್ ಇಲ್ಲದೆ ಹಾಡುತ್ತಾರೆಂದು ಓದಿದ್ದೇನೆ. ಬಯಲಿನಲ್ಲಿ, ನೀರಿನ ಮೇಲೆ, ಏಳು ಸಾವಿರ ಜನರಿಗೆ ಅದು ಕೇಳಿಸುವುದು ಹೇಗೆ? ವಾದ್ಯವೃಂದ ಎಲ್ಲಿ ಕುಳಿತುಕೊಳ್ಳುತ್ತದೆ?

ಉತ್ತರ: ನೀವು ಓದಿದ್ದು ಸರಿ. ಮುಚ್ಚಿದ ಒಪೆರಾ ಮಂದಿರಗಳಲ್ಲಿ ಮೈಕ್ ಬಳಸುವುದಿಲ್ಲ. ಇಡೀ ವಾದ್ಯವೃಂದದ ಮೇಲೆ ತೇಲಿ ಕೊನೆಯ ಸಾಲಿಗೆ ಮುಟ್ಟುವಂತೆ ಕಂಠವನ್ನು ಪಳಗಿಸುವುದೇ ಆ ಗಾಯನದ ಸಾಧನೆ. ಬ್ರೆಗೆಂಟ್ಸ್‌ನಲ್ಲಿ ಮಾತ್ರ ಗಾಯಕರು ಮೈಕ್ ಧರಿಸುತ್ತಾರೆ. ಗೋಡೆಯೂ ಇಲ್ಲದ, ಮಾಡೂ ಇಲ್ಲದ ಜಾಗದಲ್ಲಿ ದನಿ ಹಿಂದಿರುಗಿ ಬರುವುದೇ ಇಲ್ಲವಾದ್ದರಿಂದ ಬೇರೆ ದಾರಿಯಿಲ್ಲ. ಕಚೇರಿಯಲ್ಲಿ ಹಾಡುವವರಿಗೆ ಇದನ್ನು ವಿವರಿಸಬೇಕಾಗಿಲ್ಲ. ಬಯಲಿನಲ್ಲಿ ಹಾಡಿದ ಸ್ವರ ಬಾಯಿಂದ ಹೊರಟ ಕ್ಷಣದಲ್ಲೇ ಕಳೆದುಹೋದಂತೆ ಅನಿಸುವುದು ನಿಮ್ಮ ಅನುಭವಕ್ಕೂ ಬಂದಿರುತ್ತದೆ.

ವಾದ್ಯವೃಂದದ ವಿಚಾರ ಇನ್ನೂ ಕುತೂಹಲಕಾರಿಯಾಗಿದೆ. ಅವರು ಸರೋವರದ ಮೇಲೆ ಇರುವುದೇ ಇಲ್ಲ. ಪ್ರೇಕ್ಷಕರ ಬೆನ್ನ ಹಿಂದಿರುವ ಉತ್ಸವ ಭವನದ ಒಳಗೆ, ಗಾಳಿ ಮಳೆ ತಗುಲದ ಜಾಗದಲ್ಲಿ ಕುಳಿತು ನುಡಿಸುತ್ತಾರೆ. ಪಿಟೀಲಿನ ಮರ, ತಂತಿ, ಬಿಲ್ಲು ಯಾವುದೂ ಒದ್ದೆಯನ್ನು ಸಹಿಸುವುದಿಲ್ಲ ಎಂಬುದನ್ನು ನೆನೆದರೆ ಇದರ ಅಗತ್ಯ ತಿಳಿಯುತ್ತದೆ. ವಾದ್ಯವೃಂದವನ್ನು ನಡೆಸುವ ನಿರ್ದೇಶಕರು ಗಾಯಕರನ್ನು ನೋಡುವುದು ಕ್ಯಾಮೆರಾದ ಮೂಲಕ. ಗಾಯಕರು ಅವರ ಕೈ ಸನ್ನೆಯನ್ನು ನೋಡುವುದು ಅಲ್ಲಲ್ಲಿ ಅಡಗಿಸಿಟ್ಟ ಪರದೆಗಳಲ್ಲಿ. ವೇದಿಕೆಯ ಇಕ್ಕೆಲಗಳಲ್ಲಿರುವ ದೊಡ್ಡ ಪರದೆಗಳಲ್ಲಿ ಪ್ರೇಕ್ಷಕರಿಗೂ ಒಳಗಿನ ವಾದ್ಯಗಾರರು ಕಾಣಿಸುತ್ತಾರೆ.

ಇದರಲ್ಲಿ ತಾಳದ ದೊಡ್ಡ ತೊಡಕೊಂದಿದೆ. ಶಬ್ದ ಗಾಳಿಯಲ್ಲಿ ಸೆಕೆಂಡಿಗೆ ಸುಮಾರು 340 ಮೀಟರ್ ಸಾಗುತ್ತದೆ. ಅಂದರೆ 34 ಮೀಟರ್ ದೂರದಲ್ಲಿರುವವರಿಗೆ ಸ್ವರ ಮುಟ್ಟುವಾಗ ಸೆಕೆಂಡಿನ ಹತ್ತನೆಯ ಒಂದು ಭಾಗ ಕಳೆದಿರುತ್ತದೆ. ದ್ರುತ್ ಲಯದಲ್ಲಿ ತಾನ್ ಹಾಡುವ ನಿಮಗೆ ಆ ಒಂದು ಭಾಗದ ಬೆಲೆ ಗೊತ್ತು. ಗಾಯಕರು ಮೂವತ್ತು ಮೀಟರ್ ಅಗಲದ ರಂಗಸಜ್ಜಿಕೆಯ ಒಂದು ತುದಿಯಿಂದ ಇನ್ನೊಂದು ತುದಿಗೆ ಓಡಾಡುತ್ತಾ ಹಾಡುತ್ತಾರೆ, ವಾದ್ಯಗಳು ಬೇರೆಲ್ಲೋ ಇವೆ, ಕೇಳುವವರು ಹತ್ತಾರು ಸಾಲುಗಳಲ್ಲಿ ಹರಡಿಕೊಂಡಿದ್ದಾರೆ. ಸುಮ್ಮನೆ ಎರಡು ದೊಡ್ಡ ಸ್ಪೀಕರ್ ಇಟ್ಟರೆ ಎಲ್ಲ ದನಿಗಳೂ ಒಂದೇ ಪೆಟ್ಟಿಗೆಯಿಂದ ಹೊರಟು, ಹಾಡುತ್ತಿರುವವರು ಯಾರೆಂಬುದೇ ತಿಳಿಯುವುದಿಲ್ಲ. ಇದಕ್ಕಾಗಿ ಉತ್ಸವದವರು ‘ಬ್ರೆಗೆಂಟ್ಸ್ ಓಪನ್ ಅಕೂಸ್ಟಿಕ್ಸ್’ ಎಂಬ ತಮ್ಮದೇ ಧ್ವನಿವ್ಯವಸ್ಥೆಯನ್ನು ರೂಪಿಸಿಕೊಂಡಿದ್ದಾರೆ. ರಂಗಸಜ್ಜಿಕೆಯ ಒಳಗೂ ಪ್ರೇಕ್ಷಕರ ಸುತ್ತಲೂ ಸ್ಪೀಕರ್‌ಗಳನ್ನು ಅಡಗಿಸಿ, ಗಾಯಕರು ಎಲ್ಲಿದ್ದಾರೋ ದನಿಯೂ ಅಲ್ಲಿಂದಲೇ ಬರುವಂತೆ, ಅವರು ಸರಿದರೆ ದನಿಯೂ ಸರಿಯುವಂತೆ ಮಾಡುತ್ತಾರೆ. ಮುಚ್ಚಿದ ಮಂದಿರದಲ್ಲಿ ಗೋಡೆಗಳು ಕೊಡುವ ಅನುರಣನವನ್ನೂ ಇದೇ ವ್ಯವಸ್ಥೆ ಒದಗಿಸುತ್ತದೆ.

ಇಷ್ಟಾದರೂ, ಮಂದಿರದಲ್ಲಿ ಮೈಕ್ ಇಲ್ಲದೆ ಕೇಳಿದ ಕಂಠಕ್ಕೂ ಇದಕ್ಕೂ ವ್ಯತ್ಯಾಸ ಉಳಿದೇ ಉಳಿಯುತ್ತದೆ. ವೃಂದಗಾನ, ಬಿರುಗಾಳಿ, ಯುದ್ಧ, ಮೆರವಣಿಗೆ ಇವುಗಳಲ್ಲಿ ಸರೋವರಕ್ಕೆ ಸಾಟಿಯಿಲ್ಲ. ಒಬ್ಬಳೇ ಗಾಯಕಿ ಉಸಿರಿನಷ್ಟು ಮೆಲ್ಲಗೆ ಎಳೆಯುವ ಸ್ವರದ ಸೂಕ್ಷ್ಮಕ್ಕೆ ಮಂದಿರವೇ ಬೇಕು. ಸಂಗೀತ ಕಲಿಯುವವರು ಎರಡನ್ನೂ ಕೇಳಬೇಕೆಂಬುದು ನನ್ನ ಸಲಹೆ.

ಪ್ರಶ್ನೆ (ಹುಬ್ಬಳ್ಳಿ): ಚಿತ್ರದಲ್ಲಿ ನೋಡಿದ ರಂಗಸಜ್ಜಿಕೆ ನಾಲ್ಕಾರು ಅಂತಸ್ತಿನ ಕಟ್ಟಡದಷ್ಟಿತ್ತು. ಅದನ್ನು ಪ್ರತಿ ವರ್ಷ ಕಟ್ಟಿ ಬಿಚ್ಚುತ್ತಾರೆಯೇ?

ಉತ್ತರ: ಪ್ರತಿ ವರ್ಷ ಅಲ್ಲ, ಎರಡು ವರ್ಷಕ್ಕೊಮ್ಮೆ. ಒಂದು ಒಪೆರಾವನ್ನು ಸತತ ಎರಡು ಬೇಸಿಗೆ ಆಡಿಸುತ್ತಾರೆ, ನಡುವಿನ ಚಳಿಗಾಲವನ್ನು ರಂಗಸಜ್ಜಿಕೆ ಸರೋವರದಲ್ಲೇ ನಿಂತು ಕಳೆಯುತ್ತದೆ. ಎರಡನೆಯ ಬೇಸಿಗೆ ಮುಗಿದ ಮೇಲೆ ಅದನ್ನು ಕಳಚಿ ಹೊಸದರ ಕೆಲಸ ಹಿಡಿಯುತ್ತಾರೆ. ಹೀಗೆ ಮಾಡದಿದ್ದರೆ ಅಷ್ಟು ದೊಡ್ಡ ನಿರ್ಮಾಣದ ಖರ್ಚು ಗಿಟ್ಟುವುದು ಸಾಧ್ಯವಿಲ್ಲ. ಆದ್ದರಿಂದ ರಂಗಸಜ್ಜಿಕೆ ಮಳೆ, ಹಿಮ, ಬಿರುಗಾಳಿ, ಅಲೆ ಎಲ್ಲವನ್ನೂ ಒಂದು ಕಟ್ಟಡದಂತೆಯೇ ತಡೆದುಕೊಳ್ಳಬೇಕು. ಜೊತೆಗೆ ಸರೋವರದ ಮಟ್ಟವೂ ಒಂದೇ ಸಮನಾಗಿರುವುದಿಲ್ಲ. ಆಲ್ಪ್ಸ್ ಪರ್ವತದ ಹಿಮ ಕರಗಿ ರೈನ್ ನದಿಯಲ್ಲಿ ಬರುವ ನೀರಿನಿಂದ ಬೇಸಿಗೆಯ ಆರಂಭದಲ್ಲಿ ಮಟ್ಟ ಏರುತ್ತದೆ, ಚಳಿಗಾಲದಲ್ಲಿ ಇಳಿಯುತ್ತದೆ.

2022 ಮತ್ತು 2023ರಲ್ಲಿ ಆಡಿಸಿದ ಪುಚ್ಚಿನಿಯ ‘ಮೇಡಮ್ ಬಟರ್‌ಫ್ಲೈ’ ಒಪೆರಾಕ್ಕೆ ನೀರಿನ ಮೇಲೆ ತೇಲುತ್ತಿರುವ ಮುದುಡಿದ ಒಂದು ಹಾಳೆಯೇ ರಂಗಸಜ್ಜಿಕೆಯಾಗಿತ್ತು. ಜಪಾನಿನ ಮಸಿಚಿತ್ರದಂತೆ ಬೆಟ್ಟಗಳನ್ನು ಬರೆದಿದ್ದ ಆ ಹಾಳೆ 23 ಮೀಟರ್ ಎತ್ತರ, 33 ಮೀಟರ್ ಅಗಲವಿತ್ತು. ತೂಕ ಸುಮಾರು 300 ಟನ್. ದಡದಿಂದ ನೋಡುವವರಿಗೆ ಒಂದು ಗಾಳಿ ಬೀಸಿದರೆ ಹಾರಿಹೋಗುವಂತೆ ಕಾಣುತ್ತಿತ್ತು. ಅಷ್ಟು ಭಾರವಾದದ್ದನ್ನು ಅಷ್ಟು ಹಗುರವಾಗಿ ಕಾಣಿಸುವ ಕೈಚಳಕವನ್ನು ನಾನು ಬಹುವಾಗಿ ಮೆಚ್ಚುತ್ತೇನೆ, ಏಕೆಂದರೆ ಕೈಬಿಟ್ಟು ಹೋದ ಗಂಡನನ್ನು ನಂಬಿ ಕಾಯುವ ಆ ಕಥಾನಾಯಕಿಯ ಬದುಕೂ ಅಂಥದೇ ತೆಳುವಾದ ಹಾಳೆ. ಅದಕ್ಕೆ ಮೊದಲು ವೆರ್ದಿಯ ‘ರಿಗೊಲೆಟ್ಟೊ’ಗಾಗಿ ವಿದೂಷಕನ ಬೃಹತ್ ತಲೆಯೊಂದು ನೀರಿನಿಂದ ಎದ್ದು ಕಣ್ಣು ಬಾಯಿ ತೆರೆಯುತ್ತಿತ್ತು, ಕೋವಿಡ್‌ನಿಂದಾಗಿ 2020ರ ಪ್ರದರ್ಶನ ನಿಂತುಹೋಗಿ, 2019ರಲ್ಲಿ ಆಡಿದ್ದನ್ನು 2021ರಲ್ಲಿ ಮುಂದುವರಿಸಬೇಕಾಯಿತು. 2007–08ರ ‘ಟೋಸ್ಕಾ’ದ ದೈತ್ಯ ಕಣ್ಣನ್ನು ನಮ್ಮಲ್ಲಿಯೂ ಅನೇಕರು ನೋಡಿದ್ದಾರೆ, ಏಕೆಂದರೆ 2008ರ ಜೇಮ್ಸ್ ಬಾಂಡ್ ಚಿತ್ರದ ಒಂದು ಭಾಗವನ್ನು ಅಲ್ಲಿಯೇ ಚಿತ್ರೀಕರಿಸಿದ್ದರು.

ಇಲ್ಲಿ ಸರೋವರ ಬರೀ ಹಿನ್ನೆಲೆಯಾಗಿ ಉಳಿಯುವುದಿಲ್ಲ ಎಂಬುದನ್ನು ಒಂದು ಉದಾಹರಣೆಯಿಂದ ಹೇಳಬಹುದು. ಬಿಜೆಯ ‘ಕಾರ್ಮೆನ್’ ಒಪೆರಾದ ಕೊನೆಯಲ್ಲಿ ಹೊಸೆ ಎಂಬ ಪ್ರೇಮಿ ತನ್ನನ್ನು ತೊರೆದ ಕಾರ್ಮೆನ್‌ಳನ್ನು ಇರಿದು ಕೊಲ್ಲುವುದು ರೂಢಿ. 2017–18ರಲ್ಲಿ ಬ್ರೆಗೆಂಟ್ಸ್‌ನಲ್ಲಿ ಅವನು ಅವಳನ್ನು ನೀರಿನಲ್ಲಿ ಮುಳುಗಿಸಿ ಕೊಲ್ಲುತ್ತಾನೆ. ಗೂಳಿ ಕಾಳಗದ ಜಯಘೋಷ ವೃಂದಗಾನದಲ್ಲಿ ಮೊಳಗುತ್ತಿರುವಾಗ, ಎರಡು ದೈತ್ಯ ಕೈಗಳು ಗಾಳಿಗೆ ತೂರಿದ ಇಸ್ಪೀಟು ಎಲೆಗಳ ಕೆಳಗೆ, ನಿಜವಾದ ನೀರಿನಲ್ಲಿ, ಒದ್ದೆಯಾದ ಬಟ್ಟೆಯಲ್ಲಿ ಇಬ್ಬರೂ ಹೋರಾಡುತ್ತಾರೆ.

ಪ್ರಶ್ನೆ (ಮಂಗಳೂರು): ನೀವು ಹೇಳಿದ ಒಪೆರಾಗಳೆಲ್ಲವೂ ಎಲ್ಲರಿಗೂ ಗೊತ್ತಿರುವ ಜನಪ್ರಿಯ ಕೃತಿಗಳು. ದೈತ್ಯ ಬೊಂಬೆ, ಬೆಳಕು, ನೀರಾಟ ಇವೆಲ್ಲ ಸೇರಿದರೆ ಅದು ಸಂಗೀತಕ್ಕಿಂತ ಜಾತ್ರೆಯಾಗುವುದಿಲ್ಲವೇ?

ಉತ್ತರ: ಜಾತ್ರೆ ಎಂಬುದನ್ನು ನೀವು ಹಗುರವಾಗಿ ಬಳಸಿದಂತಿದೆ. ನಮ್ಮ ನಾಡಿನ ಎಷ್ಟೋ ಕಲೆಗಳು ಉಳಿದಿರುವುದು ಜಾತ್ರೆಗಳಿಂದಲೇ ಎಂಬುದನ್ನು ಯಕ್ಷಗಾನದ ಸೀಮೆಯವರಾದ ನಿಮಗೆ ಹೇಳಬೇಕಾಗಿಲ್ಲ. ಆದರೂ ನಿಮ್ಮ ಆಕ್ಷೇಪದಲ್ಲಿ ಹುರುಳಿದೆ. ಒಂದು ರಾತ್ರಿಗೆ ಏಳು ಸಾವಿರ ಟಿಕೆಟ್ ಮಾರಬೇಕಾದವರು ಯಾರೂ ಕೇಳರಿಯದ ಕೃತಿಯನ್ನು ಸರೋವರದ ಮೇಲೆ ಆಡಿಸಲಾರರು.

ಆದರೆ ಆ ಹಣದಿಂದ ಅವರು ಏನು ಮಾಡುತ್ತಾರೆಂಬುದನ್ನೂ ನೋಡಬೇಕು. ಅದೇ ಬೇಸಿಗೆಯಲ್ಲಿ ದಡದ ಮೇಲಿನ ಉತ್ಸವ ಭವನದಲ್ಲಿ ಅಪರೂಪದ ಒಪೆರಾಗಳನ್ನು ಆಡಿಸುತ್ತಾರೆ, ಜೊತೆಗೆ ವಾದ್ಯವೃಂದದ ಕಚೇರಿಗಳೂ ನಡೆಯುತ್ತವೆ. ಮಿಯೆಚಿಸ್ವಾಫ್ ವೈನ್‌ಬೆರ್ಗ್ ಎಂಬ ಪೋಲೆಂಡ್ ಮೂಲದ ಯಹೂದಿ ಸಂಗೀತಕಾರ ನಾಜಿಗಳಿಂದ ತಪ್ಪಿಸಿಕೊಂಡು ಸೋವಿಯತ್ ದೇಶಕ್ಕೆ ಓಡಿಹೋದವನು. ಆತ 1968ರಲ್ಲಿ ಮುಗಿಸಿದ ‘ದಿ ಪ್ಯಾಸೆಂಜರ್’ ಎಂಬ ಒಪೆರಾದಲ್ಲಿ, ಯುದ್ಧ ಮುಗಿದ ಎಷ್ಟೋ ವರ್ಷಗಳ ಮೇಲೆ ಹಡಗಿನಲ್ಲಿ ಹೋಗುತ್ತಿರುವ ಒಬ್ಬ ಹೆಂಗಸಿಗೆ ಸಹಪ್ರಯಾಣಿಕಳೊಬ್ಬಳು ಕಣ್ಣಿಗೆ ಬೀಳುತ್ತಾಳೆ. ನೋಡಿದವಳು ಔಶ್ವಿಟ್ಸ್ ಸೆರೆಶಿಬಿರದಲ್ಲಿ ಕಾವಲುಗಾರ್ತಿಯಾಗಿದ್ದವಳು, ಕಣ್ಣಿಗೆ ಬಿದ್ದವಳು ಅಲ್ಲಿ ಸತ್ತಳೆಂದು ಇವಳು ತಿಳಿದಿದ್ದ ಕೈದಿಯಂತೆ ಇದ್ದಾಳೆ. ಈ ಕೃತಿ ದಶಕಗಳ ಕಾಲ ರಂಗವನ್ನು ಕಾಣಲೇ ಇಲ್ಲ, ವೈನ್‌ಬೆರ್ಗ್ 1996ರಲ್ಲಿ ಅದನ್ನು ಕೇಳದೆಯೇ ತೀರಿಕೊಂಡ. ಅದು ಮೊದಲ ಬಾರಿಗೆ ಪೂರ್ಣ ರಂಗಪ್ರಯೋಗವಾಗಿ ಬಂದದ್ದು 2010ರಲ್ಲಿ, ಇದೇ ಬ್ರೆಗೆಂಟ್ಸ್‌ನಲ್ಲಿ, ಆಗ ಉತ್ಸವದ ಮುಖ್ಯಸ್ಥರಾಗಿದ್ದ ಡೇವಿಡ್ ಪೌಂಟ್ನಿಯವರ ನಿರ್ದೇಶನದಲ್ಲಿ. ಅನಂತರ ಅದು ಬೇರೆ ಬೇರೆ ದೇಶಗಳ ರಂಗಮಂದಿರಗಳಲ್ಲಿ ನಡೆದಿದೆ. ಹೊರಗೆ ವೆರ್ದಿಯ ‘ಐದಾ’ಕ್ಕೆ ಜನ ನೆರೆದ ಬೇಸಿಗೆಯಲ್ಲೇ ಒಳಗೆ ಈ ಕೆಲಸ ನಡೆಯಿತು. ನೀವು ಜಾತ್ರೆ ಎಂದದ್ದು ಇಲ್ಲದಿದ್ದರೆ ಇದೂ ಆಗುತ್ತಿರಲಿಲ್ಲವೆಂದು ನಾನು ನಂಬುತ್ತೇನೆ.

ಊರಿನವರ ಪಾಲೂ ಇದರಲ್ಲಿದೆ. ಉತ್ಸವದ ಸ್ವಂತ ಗಾಯನವೃಂದದಲ್ಲಿ ಹಾಡುವವರು ಬೇರೆ ಬೇರೆ ಉದ್ಯೋಗಗಳಲ್ಲಿರುವ ಆ ಸೀಮೆಯ ಹವ್ಯಾಸಿಗಳು. ಪ್ರಾಗ್‌ನಿಂದ ಬರುವ ವೃತ್ತಿಪರ ಗಾಯಕರ ಜೊತೆಯಲ್ಲಿ ಅವರೂ ವೇದಿಕೆಯೇರುತ್ತಾರೆ.

ಪ್ರಶ್ನೆ (ತುಮಕೂರು): ನಮ್ಮ ಊರಿನ ಕೆರೆಗಳ ಮೇಲೂ ಬೇಸಿಗೆಯಲ್ಲಿ ಇಂಥ ಉತ್ಸವ ನಡೆಸಬಾರದೇಕೆ?

ಉತ್ತರ: ಬೇಸಿಗೆ ಎಂದಾಗ ಅವರಿಗೂ ನಮಗೂ ಅರ್ಥ ಬೇರೆ. ಅವರ ಬೇಸಿಗೆ ಜೂನ್‌ನಿಂದ ಆಗಸ್ಟ್‌ವರೆಗೆ. ಆಗ ಅವರ ಸರೋವರ ತುಂಬಿರುತ್ತದೆ. ನಮ್ಮ ಬೇಸಿಗೆ ಮಾರ್ಚ್‌ನಿಂದ ಮೇವರೆಗೆ. ಆಗ ನಮ್ಮ ಬಹುಪಾಲು ಕೆರೆಗಳ ತಳ ಕಾಣುತ್ತಿರುತ್ತದೆ. ಕಾನ್‌ಸ್ಟನ್ಸ್ ಸರೋವರದ ವಿಸ್ತೀರ್ಣ 536 ಚದರ ಕಿಲೋಮೀಟರ್, ಆಳ ಕೆಲವೆಡೆ 250 ಮೀಟರಿಗೂ ಹೆಚ್ಚು. ಅದರ ಅಂಚಿನಲ್ಲಿ ನಾಲ್ಕು ಕಂಬ ನೆಟ್ಟರೆ ಅದಕ್ಕೆ ತಿಳಿಯುವುದೂ ಇಲ್ಲ. ನಮ್ಮ ಪುಟ್ಟ ಕೆರೆಗಳಲ್ಲಿ ಹಕ್ಕಿಗಳಿಗೂ ಮೀನುಗಾರರಿಗೂ ಉಳಿದಿರುವ ಜಾಗವೇ ಕಡಿಮೆ, ಅಲ್ಲಿ ಸ್ಪೀಕರ್ ಕಟ್ಟುವುದನ್ನು ನಾನು ಒಪ್ಪಲಾರೆ. ಬೇಸಿಗೆಯ ಸಂಜೆಗಳಿಗೆ ನಮ್ಮಲ್ಲಿ ರಾಮನವಮಿಯ ಸಂಗೀತೋತ್ಸವಗಳಿವೆ. ಬೆಂಗಳೂರಿನ ಚಾಮರಾಜಪೇಟೆಯ ಕೋಟೆ ಪ್ರೌಢಶಾಲೆಯ ಮೈದಾನದಲ್ಲಿ ಚಪ್ಪರದ ಕೆಳಗೆ ತಲೆಮಾರುಗಳಿಂದ ನಡೆದು ಬಂದಿರುವ ಕಚೇರಿಗಳಿಗೆ ಕೆರೆಯ ಅಗತ್ಯ ಬಿದ್ದಿಲ್ಲ. ನಿಮ್ಮ ಊರಿನಲ್ಲಿ ರಂಗಮಂದಿರ ಇಲ್ಲದಿದ್ದರೆ ಚಪ್ಪರ ಹಾಕಿಸಿ, ಆದರೆ ಹಾಡುವವರನ್ನು ಮಾತ್ರ ಅತ್ಯುತ್ತಮರನ್ನೇ ಕರೆಯಿಸಿ. ಬ್ರೆಗೆಂಟ್ಸ್‌ನವರು 1946ರಲ್ಲಿ ಮಾಡಿದ್ದು ಅದನ್ನೇ.

ಪ್ರಶ್ನೆ (ಬೆಂಗಳೂರು): ಯುರೋಪಿನ ಇಂಥ ಸರೋವರದ ಉತ್ಸವಗಳಲ್ಲಿ ಭಾರತೀಯ ಸಂಗೀತಕ್ಕೆ ಸ್ಥಾನವಿದೆಯೇ?

ಉತ್ತರ: ಬ್ರೆಗೆಂಟ್ಸ್ ಮುಖ್ಯವಾಗಿ ಒಪೆರಾದ ಉತ್ಸವವಾದ್ದರಿಂದ ಅಲ್ಲಿ ಅದನ್ನು ನಿರೀಕ್ಷಿಸುವುದು ಸರಿಯಲ್ಲ. ಆದರೆ ಸ್ವಿಟ್ಜರ್ಲೆಂಡಿನಲ್ಲಿ ಜಿನೀವಾ ಸರೋವರದ ದಡದಲ್ಲಿರುವ ಮಾಂಟ್ರೋ ಎಂಬ ಇನ್ನೊಂದು ಸಣ್ಣ ಊರಿನಲ್ಲಿ 1967ರಿಂದ ಪ್ರತಿ ಬೇಸಿಗೆ ಜಾಸ್ ಉತ್ಸವ ನಡೆಯುತ್ತಿದೆ. ಅಲ್ಲಿ 1976ರಲ್ಲಿ ‘ಶಕ್ತಿ’ ತಂಡ ನುಡಿಸಿತ್ತು: ಗಿಟಾರ್‌ನಲ್ಲಿ ಜಾನ್ ಮೆಕ್‌ಲಾಫ್ಲಿನ್, ಪಿಟೀಲಿನಲ್ಲಿ ಎಲ್. ಶಂಕರ್, ತಬಲಾದಲ್ಲಿ ಜಾಕಿರ್ ಹುಸೇನ್, ಘಟದಲ್ಲಿ ವಿಕ್ಕು ವಿನಾಯಕರಾಮ್. ಆ ಉತ್ಸವದ ಧ್ವನಿ ಮತ್ತು ದೃಶ್ಯ ಮುದ್ರಣಗಳ ಸಂಗ್ರಹವನ್ನು ಯುನೆಸ್ಕೊ 2013ರಲ್ಲಿ ತನ್ನ ವಿಶ್ವಸ್ಮೃತಿ ಪಟ್ಟಿಗೆ ಸೇರಿಸಿತು.

ಪ್ರಶ್ನೆ (ಮೈಸೂರು): ನಮ್ಮ ಮಗಳು ಅಳಿಯ ಮ್ಯೂನಿಕ್‌ನಲ್ಲಿದ್ದಾರೆ. ಜುಲೈನಲ್ಲಿ ನಾವಿಬ್ಬರೂ ಅಲ್ಲಿಗೆ ಹೋಗುವವರಿದ್ದೇವೆ. ಜರ್ಮನ್ ಬಾರದ, ಒಪೆರಾ ನೋಡಿಲ್ಲದ ಹಿರಿಯರು ಬ್ರೆಗೆಂಟ್ಸ್‌ಗೆ ಹೋಗಿ ನೋಡಬಹುದೇ? ಮಳೆ ಬಂದರೆ ಏನು ಗತಿ?

ಉತ್ತರ: ಖಂಡಿತ ಹೋಗಿ ಬನ್ನಿ. ಮ್ಯೂನಿಕ್‌ನಿಂದ ಜೂರಿಕ್‌ಗೆ ಹೋಗುವ ರೈಲುಗಳು ಬ್ರೆಗೆಂಟ್ಸ್‌ನಲ್ಲಿ ನಿಲ್ಲುತ್ತವೆ. ನಿಲ್ದಾಣದಿಂದ ಉತ್ಸವದ ಜಾಗಕ್ಕೆ ನಡೆದೇ ಹೋಗಬಹುದು. ಜರ್ಮನಿಗೆ ಪಡೆದ ಷೆಂಗೆನ್ ವೀಸಾ ಆಸ್ಟ್ರಿಯಾಕ್ಕೂ ಸಲ್ಲುತ್ತದೆ, ಆದರೂ ಪಾಸ್‌ಪೋರ್ಟ್ ಜೊತೆಯಲ್ಲಿರಲಿ. ಪ್ರದರ್ಶನ ಆರಂಭವಾಗುವುದೇ ರಾತ್ರಿ ಒಂಬತ್ತರ ನಂತರ, ಏಕೆಂದರೆ ಜುಲೈನಲ್ಲಿ ಅಲ್ಲಿ ಸೂರ್ಯ ಮುಳುಗುವುದು ಆ ಹೊತ್ತಿಗೆ; ಆಗಸ್ಟ್‌ನಲ್ಲಿ ಸ್ವಲ್ಪ ಬೇಗ ಶುರುವಾಗುತ್ತದೆ. ಸುಮಾರು ಎರಡು ಗಂಟೆಯ ಆಟ, ನಡುವೆ ವಿರಾಮವಿಲ್ಲ. ಮಧುಮೇಹ ಮುಂತಾದ ತೊಂದರೆಗಳಿರುವವರು ಊಟವನ್ನು ಮೊದಲೇ ಮುಗಿಸಿರಬೇಕು, ಶೌಚಾಲಯಕ್ಕೂ ಹೋಗಿ ಬಂದಿರಬೇಕು. ಮುಗಿಯುವಾಗ ರಾತ್ರಿ ಹನ್ನೊಂದು ದಾಟುವುದರಿಂದ ಅಂದೇ ಮ್ಯೂನಿಕ್‌ಗೆ ಮರಳುವ ಯೋಚನೆ ಬೇಡ. ಬ್ರೆಗೆಂಟ್ಸ್‌ನಲ್ಲಿ ಕೋಣೆ ಸಿಗದಿದ್ದರೆ ಸರೋವರದ ಜರ್ಮನ್ ದಡದಲ್ಲಿರುವ ಲಿಂಡಾವ್ ಹತ್ತು ಕಿಲೋಮೀಟರ್‌ನೊಳಗೇ ಇದೆ. ಹಗಲಿನಲ್ಲಿ ಬಿಡುವಿದ್ದರೆ ಊರಿನ ಹಿಂದಿರುವ, 1,064 ಮೀಟರ್ ಎತ್ತರದ ಫೆಂಡರ್ ಬೆಟ್ಟಕ್ಕೆ ತೂಗುಬಂಡಿಯಲ್ಲಿ ಹೋಗಿ. ವೇದಿಕೆ ನೀರಿನಲ್ಲಿ ಹೇಗೆ ನಿಂತಿದೆಯೆಂಬುದು ಮೇಲಿನಿಂದ ಚೆನ್ನಾಗಿ ಕಾಣುತ್ತದೆ.

ಭಾಷೆಯ ಬಗ್ಗೆ ಅಂಜಬೇಡಿ. ಇಟಾಲಿಯನ್ ಒಪೆರಾವನ್ನು ಇಟಾಲಿಯನ್‌ನಲ್ಲಿ, ಫ್ರೆಂಚ್ ಒಪೆರಾವನ್ನು ಫ್ರೆಂಚ್‌ನಲ್ಲಿಯೇ ಹಾಡುತ್ತಾರೆ. ಅಲ್ಲಿನ ಪ್ರೇಕ್ಷಕರೂ ವೇದಿಕೆಯ ಪಕ್ಕದಲ್ಲಿ ಮೂಡುವ ಜರ್ಮನ್ ಅನುವಾದವನ್ನು ಓದಿಕೊಂಡೇ ಅರ್ಥ ಮಾಡಿಕೊಳ್ಳುತ್ತಾರೆ. ಆ ವರ್ಷದ ಒಪೆರಾ ಯಾವುದೆಂದು ತಿಳಿದುಕೊಂಡು ಅದರ ಕಥೆಯನ್ನು ದೃಶ್ಯ ದೃಶ್ಯವಾಗಿ ಮೊದಲೇ ಓದಿಕೊಳ್ಳಿ, ಸಾಧ್ಯವಾದರೆ ಅದರ ಮೂರು ನಾಲ್ಕು ಪ್ರಸಿದ್ಧ ಹಾಡುಗಳನ್ನು ಕೇಳಿಕೊಂಡು ಹೋಗಿ. ಪರಿಚಿತ ರಾಗ ಕಿವಿಗೆ ಬಿದ್ದಾಗ ಕಥೆಯ ಎಳೆಯೂ ಕೈಗೆ ಸಿಗುತ್ತದೆ.

ಮಳೆಯ ಬಗ್ಗೆ ಹೇಳುವುದಾದರೆ, ಸಣ್ಣ ಹನಿಗೆ ಆಟ ನಿಲ್ಲುವುದಿಲ್ಲ. ಗಾಯಕರು ನೆನೆಯುತ್ತಲೇ ಹಾಡುತ್ತಾರೆ, ಪ್ರೇಕ್ಷಕರೂ ಅಲುಗಾಡದೆ ಕೂರುತ್ತಾರೆ. ಹಿಂದಿನವರಿಗೆ ಮರೆಯಾಗುವುದರಿಂದ ಕೊಡೆ ಬಿಚ್ಚುವಂತಿಲ್ಲ. ತಲೆ ಮುಚ್ಚುವ ಮಳೆಯಂಗಿಯನ್ನೇ ಒಯ್ಯಬೇಕು. ಗುಡುಗು ಸಿಡಿಲು, ಬಿರುಗಾಳಿ ಬಂದರೆ ಆಟವನ್ನು ಉತ್ಸವ ಭವನದ ಒಳಗೆ ದೊಡ್ಡ ರಂಗಸಜ್ಜಿಕೆಯಿಲ್ಲದೆ ನಡೆಸುತ್ತಾರೆ, ಆದರೆ ಅಲ್ಲಿ ಹಿಡಿಸುವುದು ಸುಮಾರು 1,650 ಜನರಷ್ಟೇ. ಆದ್ದರಿಂದ ದುಬಾರಿ ದರ್ಜೆಯ ಟಿಕೆಟ್ ಪಡೆದವರಿಗೆ ಮಾತ್ರ ಒಳಗೆ ಸ್ಥಾನವಿರುತ್ತದೆ. ಉಳಿದವರಿಗೆ, ಹೊರಗಿನ ಆಟ ಗೊತ್ತುಪಡಿಸಿದ ಹೊತ್ತಿಗಿಂತ ಮೊದಲೇ ನಿಂತುಹೋದರೆ, ಹಣ ಹಿಂದಿರುಗುತ್ತದೆ. ಯಾವ ದರ್ಜೆಗೆ ಯಾವ ಅನುಕೂಲ ಎಂಬುದನ್ನು ಟಿಕೆಟ್ ಕೊಳ್ಳುವಾಗಲೇ ನಿಮ್ಮ ಮಗಳು ಓದಿ ನೋಡಲಿ. ದೂರದಿಂದ ಒಮ್ಮೆ ಬರುವ ನಿಮ್ಮಂಥವರು ಸ್ವಲ್ಪ ಹೆಚ್ಚು ಹಣ ಕೊಟ್ಟಾದರೂ ಒಳಗೂ ಸಲ್ಲುವ ಟಿಕೆಟ್ ಪಡೆಯುವುದು ಒಳ್ಳೆಯದು. ಸೀಟಿನ ವಿಚಾರದಲ್ಲಿ, ತೀರಾ ಮುಂದಿನ ಸಾಲುಗಳಿಗಿಂತ ನಡುವಿನ ಎತ್ತರದ ಸಾಲುಗಳು ಮೇಲು, ಏಕೆಂದರೆ ಅಷ್ಟು ದೊಡ್ಡ ರಂಗಸಜ್ಜಿಕೆಯನ್ನು ಕತ್ತೆತ್ತದೆ ಒಟ್ಟಿಗೆ ನೋಡಬಹುದು. ಮೆಟ್ಟಿಲು ಹತ್ತುವುದು ಕಷ್ಟವಾದರೆ ಅದನ್ನೂ ಮುಂಚಿತವಾಗಿ ತಿಳಿಸಿ. ಜುಲೈ ತಿಂಗಳೆಂದು ಉಣ್ಣೆಯ ಶಾಲನ್ನು ಮನೆಯಲ್ಲಿ ಬಿಟ್ಟು ಹೋಗಬೇಡಿ. ಹತ್ತು ಗಂಟೆಯ ಮೇಲೆ ನೀರಿನ ಕಡೆಯಿಂದ ಬರುವ ಗಾಳಿ ಮೈಸೂರಿನ ಡಿಸೆಂಬರ್‌ಗಿಂತ ತಣ್ಣಗಿರುತ್ತದೆ.